ದೊಡ್ಡ ಡಿಸ್ಕ್ ಮೊದಲ ತೆಗೀರಿ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಅಕ್ಕಲಕೋಟೆಯ ನಮ್ಮ ಫೋಟೋ ಸ್ಟುಡಿಯೋದಲ್ಲಿ ಕರೆಂಟು ಹೋಯಿತು. ಕಂಪ್ಯೂಟರು ಆಗಷ್ಟೇ ಯಾವುದೋ ಅಪ್‌ಡೇಟ್ ಮುಗಿಸಿಕೊಂಡು ತಾನಾಗಿ ಮತ್ತೆ ಶುರುವಾಗುತ್ತಿತ್ತು. ಕೆಳಗಿದ್ದ ಬ್ಯಾಟರಿ ಪೆಟ್ಟಿಗೆ ಎರಡು ಸಲ ಕುಂಯ್‌ಗುಟ್ಟಿ ಸುಮ್ಮನಾಯಿತು. ಕರೆಂಟು ಬಂದ ಮೇಲೆ ಪರದೆ ಕಪ್ಪಗೆ ಹಾಗೇ ಉಳಿಯಿತು. ಮೇಲಿನ ಮೂಲೆಯಲ್ಲಿ ಒಂದು ಸಾಲು ಬಿಳಿ ಇಂಗ್ಲಿಷು: ಶುರುವಾಗಲು ಯಾವ ಡಿಸ್ಕೂ ಸಿಗುತ್ತಿಲ್ಲ, ಸರಿಯಾದದ್ದನ್ನು ಹಾಕಿ ಯಾವುದಾದರೂ ಕೀಲಿ ಒತ್ತಿ. ನಮ್ಮ ಮನೆಯವರು ಒತ್ತಿದರು. ಅದೇ ಸಾಲು ಕೆಳಗೆ ಇನ್ನೊಂದು ಸಲ ಮೂಡಿತು. ಹಾಗೆ ಒತ್ತುತ್ತ ಹೋಗಿ ಪರದೆಯೆಲ್ಲ ಅದೇ ಮಾತು ತುಂಬಿಕೊಂಡಿತು.

ಆ ಯಂತ್ರದೊಳಗೆ ಎರಡು ಡಿಸ್ಕುಗಳಿದ್ದವು. ಚಿಕ್ಕದರಲ್ಲಿ ಕಂಪ್ಯೂಟರನ್ನು ನಡೆಸುವ ಸಿಸ್ಟಮ್; ಕೆಟ್ಟದ್ದು ಅದು. ದೊಡ್ಡದರಲ್ಲಿ ಊರವರ ಸೀಮಂತದ ಕುಬುಸ, ತೊಟ್ಟಿಲು, ಲಗ್ನಗಳು. ಚಪಳಗಾಂವದ ಕಾಕೂನ ಮಗಳ ಲಗ್ನವೂ ಅದರಲ್ಲೇ ಇತ್ತು.

ಕಾಕೂ ಎಂದರೆ ಚಿಕ್ಕಮ್ಮ. ಇವರು ನಮಗೆ ಸಂಬಂಧಿಕರಲ್ಲ, ಗಿರಾಕಿ. ಆದರೆ ಅವರನ್ನು ಯಾರೂ ಬೇರೆ ಏನೆಂದೂ ಕರೆಯುವುದಿಲ್ಲ. ಮಗಳಿಗೆ ಅರಿಶಿಣ ಹಚ್ಚಿದ ದಿನ ಬಚ್ಚಲ ಮುಂದೆ ಎಣ್ಣೆನೀರಿನಲ್ಲಿ ಕಾಲು ಜಾರಿ ತೊಡೆಯ ಎಲುಬು ಮುರಿದುಕೊಂಡರು. ಮುಹೂರ್ತ ಮುಂದೆ ಹಾಕುವಂತಿರಲಿಲ್ಲ. ಮಗಳಿಗೆ ಅಕ್ಷತೆ ಬೀಳುವಾಗ ತಾಯಿ ಸೊಲ್ಲಾಪುರದ ಆಸ್ಪತ್ರೆಯಲ್ಲಿ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದರು. ಯಾರೋ ಮೊಬೈಲಿನಲ್ಲಿ ವಿಡಿಯೋ ಕಾಲ್ ಮಾಡಿ ತೋರಿಸಿದರಂತೆ. ಅವರಿಗೆ ಕಂಡದ್ದು ಬ್ಯಾಂಡಿನವನ ಮೊಣಕೈ. ಆಸ್ಪತ್ರೆಯಿಂದ ಮನೆಗೆ ಬಂದಾಗಿನಿಂದ ವಾರಕ್ಕೊಮ್ಮೆ ಫೋನು.

"ಏನವಾ, ನನ್ನ ಮಗಳ ಲಗ್ನ ಯಾವಾಗ ಮಾಡ್ತೀರಿ?"

"ಆಗೇದಲ್ರಿ ಕಾಕೂ ಲಗ್ನ, ಅಳಿಯಾ ದಿನಾ ಊಟಾ ಮಾಡಿ ಹೋಗ್ತಾನಂತಲ್ಲ," ಎಂದರೆ, "ಅದು ಅವರಿಗಿ ಆಗೇದ. ನನಗಿನ್ನೂ ಆಗಿಲ್ಲ. ನೀವು ಟೀವ್ಯಾಗ ಹಚ್ಚಿದ ದಿನಾ ಆಗ್ತದ," ಎಂದು ನಗುತ್ತಿದ್ದರು.

ಲಗ್ನದ ಹಂಗಾಮು. ಕ್ಯಾಮರಾದ ಕಾರ್ಡುಗಳನ್ನು ಅಳಿಸಿ ಮುಂದಿನ ಲಗ್ನಕ್ಕೆ ಒಯ್ದಾಗಿತ್ತು. ಇನ್ನೊಂದು ಪ್ರತಿ ಇಟ್ಟುಕೊಳ್ಳುತ್ತಿದ್ದ ಹೊರಗಿನ ಡಿಸ್ಕು ಮೊದಲೇ ತುಂಬಿ ಕಪಾಟಿನಲ್ಲಿತ್ತು. ಅಂದರೆ ಆ ಲಗ್ನ ಜಗತ್ತಿನಲ್ಲಿ ಒಂದೇ ಕಡೆ ಇತ್ತು.

ನಾನು ಸೊಲ್ಲಾಪುರದ ಕಾಲೇಜಿನಲ್ಲಿ ಕಂಪ್ಯೂಟರ್ ಬಿ.ಎಸ್‌ಸಿ. ಮಾಡಿದವಳು. ಆಲ್ಬಮ್ಮಿನ ಪುಟ ಜೋಡಿಸುವುದು ನನ್ನ ಕೆಲಸ. ಇಂಥ ರಿಪೇರಿಗೆ ಸೊಲ್ಲಾಪುರದಲ್ಲಿ ಅಂಗಡಿ ಇಟ್ಟಿರುವ ನನ್ನ ಸೋದರಮಾವನ ಮಗನೇ ಗತಿ. ಅವನು ಫೋನಿನಲ್ಲಿ, "ಕಾಳಜಿ ಮಾಡಬ್ಯಾಡ್ರಿ ದಾಜಿ," ಎಂದ. ಅಕ್ಕನ ಗಂಡನಿಗೆ ನಮ್ಮ ಕಡೆ ಮರಾಠಿಯ ದಾಜಿಯೇ ಬಾಯಿಗೆ ಬರುವುದು. "ಪೆನ್ ಡ್ರೈವ್‌ನಾಗ ಸಿಸ್ಟಮ್ ಹಾಕಿ ಎಸ್ಟಿ ಬಸ್ಸಿನ ಕಂಡಕ್ಟರ್ ಕೈಯಾಗ ಕೊಡ್ತೀನಿ. ಚುಚ್ಚಿ ಚಾಲೂ ಮಾಡ್ರಿ, ಅದ ಎಲ್ಲಾ ಮಾಡ್ಕೋತದ."

ಅದು ಏನೂ ಮಾಡಿಕೊಳ್ಳಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಬಂದ ಪೆನ್ ಡ್ರೈವನ್ನು ಚುಚ್ಚಿ, ಶುರುವಾಗುವ ಹೊತ್ತಿಗೆ ಒತ್ತಬೇಕಾದ ಕೀಲಿ ಯಾವುದೆಂದು ತಿಳಿಯದೆ ಮೇಲಿನ ಸಾಲಿನ ಕೀಲಿಗಳನ್ನೆಲ್ಲ ಹಾರ್ಮೋನಿಯಮ್ ನುಡಿಸಿದ ಹಾಗೆ ಒತ್ತಿದೆವು. ಕಡೆಗೆ ಪಟ್ಟಿಯೇನೋ ತೆರೆಯಿತು, ಪೆನ್ ಡ್ರೈವಿನ ಹೆಸರು ಅದರಲ್ಲಿರಲಿಲ್ಲ. ನಮ್ಮ ಯಂತ್ರ ಹಳೆಯದು, ಅವನು ಹೊಸ ಯಂತ್ರಗಳ ಪದ್ಧತಿಯಲ್ಲಿ ಮಾಡಿ ಕಳಿಸಿದ್ದ. ಮರುದಿನ ಡಿವಿಡಿ ಬಂತು. ಬಹಳ ಕಾಲದಿಂದ ಮುಚ್ಚಿಯೇ ಇದ್ದ ಯಂತ್ರದ ಡಿವಿಡಿ ಬಾಯಿಯನ್ನು ಸೂಜಿ ಹಾಕಿ ತೆರೆದೆವು. ಡಿವಿಡಿ ಒಳಗೆ ಹೋಗಿ ಹಿಟ್ಟಿನ ಗಿರಣಿಯಂತೆ ಸದ್ದು ಮಾಡಿ, ಅರ್ಧ ಪ್ರತಿಯಾದ ಮೇಲೆ ಒಂದು ಫೈಲು ಸಿಗುತ್ತಿಲ್ಲ ಎಂದು ನಿಂತಿತು. ಒರೆಸಿ ಮತ್ತೆ ಹಾಕಿದರೆ ಬೇರೆ ಫೈಲು ಸಿಗುತ್ತಿಲ್ಲ ಎಂದಿತು. ನಮ್ಮ ಮನೆಯವರು ಪಕ್ಕದ ಹೂವಿನ ಅಂಗಡಿಯವನಿಗೆ, "ಆಗ ಒಂದ ಕಾಣವಲ್ದಾಗಿತ್ತು, ಈಗ ಇನ್ನೊಂದು. ಪ್ರಗತಿ ಐತಿ," ಎಂದು ಹೇಳಿ ಚಹಾ ತರಿಸಿದರು. ಇಬ್ಬರೂ ದಣಿದಿದ್ದೆವು.

ಮೂರನೆಯದು ಹಳೆಯ ಪದ್ಧತಿಯಲ್ಲೇ ಮಾಡಿದ ಪೆನ್ ಡ್ರೈವ್. ಮುಂದಿನ ತೂತಿನಲ್ಲಿ ಕಾಣಲಿಲ್ಲ. ಹಿಂದಿನ ತೂತಿಗೆ ಚುಚ್ಚಿದಾಗ ಕಂಡಿತು. ಪರದೆ ನೀಲಿಯಾಗಿ ಭಾಷೆ ಯಾವುದೆಂದು ಕೇಳಿದಾಗ ನನಗೆ ಅಳುವೇ ಬಂತು.

ಸಿಸ್ಟಮ್ಮನ್ನು ಎಲ್ಲಿ ಕೂಡಿಸಲಿ ಎಂದು ಅದು ಕೇಳುವ ಪರದೆಯಲ್ಲಿ ನಮ್ಮ ಡಿಸ್ಕುಗಳ ಪರಿಚಿತ ಹೆಸರುಗಳಿರಲಿಲ್ಲ. ಸೊನ್ನೆ, ಒಂದು ಎಂಬ ಅಂಕಿ, ಪಕ್ಕಕ್ಕೆ ಅಳತೆ, ಅಷ್ಟೇ. ಸೋದರಮಾವನ ಮಗನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿ ನಾನು ಕೈಯಲ್ಲಿ ಹಿಡಿದುಕೊಂಡು ನಿಂತೆ. ಅವನ ಅಂಗಡಿಯಲ್ಲಿ ಯಾರೋ ಮರಾಠಿಯಲ್ಲಿ ಜಗಳವಾಡುತ್ತಿದ್ದರು. ಅದರ ನಡುವೆ ಅವನು ಕೂಗಿ ಹೇಳಿದ:

"ತಡೀರಿ ದಾಜಿ, ಗಡಬಡ ಬ್ಯಾಡ. ದೊಡ್ಡ ಡಿಸ್ಕ್ ಮೊದಲ ತೆಗೀರಿ. ಆಮ್ಯಾಲ ಮುಂದಿನ ಮಾತು."

ನಮ್ಮ ಮನೆಯವರು ದೊಡ್ಡ ಅಳತೆಯ ಸಾಲಿನ ಮೇಲೆ ಬಾಣ ಇಟ್ಟು ಒತ್ತಿದರು. ಕೆಳಗೆ ಅಳಿಸುವ ಗುಂಡಿ ಬೆಳಗಿತು. ಅದನ್ನು ಒತ್ತಿದರು. ಇದರಲ್ಲಿರುವುದೆಲ್ಲ ಹೋಗುತ್ತದೆ ಎಂದು ಒಂದು ಚೌಕ ಬಂತು. ಅದನ್ನೂ ಒತ್ತಿದರು. ಸಾಲು ಒಮ್ಮೆ ಮಿಟುಕಿತು. ಅಳತೆ ಅಷ್ಟೇ ಉಳಿಯಿತು, ಅಂಕಿಯ ಮುಂದೆ ಖಾಲಿ ಜಾಗ ಎಂದು ಬರೆದಿತ್ತು.

"ತೆಗದೆ."

"ಇಷ್ಟ ಲಗೂ? ಸ್ಕ್ರೂ ನಾಕೂ ಬಿಚ್ಚಿದ್ರಿ?"

"ಎಂಥಾ ಸ್ಕ್ರೂ?"

ಆ ಕಡೆ ಮರಾಠಿ ಜಗಳ ಮಾತ್ರ ಕೇಳಿಸುತ್ತಿತ್ತು.

ಅವನು ಹೇಳಿದ್ದು ಡಬ್ಬಿ ಬಿಚ್ಚಿ ದೊಡ್ಡ ಡಿಸ್ಕನ್ನು ಹೊರಗೆ ತೆಗೆದಿಡಿ ಎಂದು. ಅಕಸ್ಮಾತ್ ಕೈ ತಪ್ಪಿದರೂ ಫೋಟೋಗಳಿಗೆ ಏನೂ ಆಗಬಾರದೆಂಬ ಎಚ್ಚರಿಕೆಗೆ ಹೇಳಿದ ಮಾತು ಅದು. ಆದರೆ ಫೋಟೋಗ್ರಾಫರನ ಕಿವಿಗೆ, ಕಂಪ್ಯೂಟರಿನ ಮುಂದೆ ಕೂತಾಗ, ತೆಗಿ ಎಂದರೆ ಒಂದೇ ಅರ್ಥ. ದಿನವೂ ಗಿರಾಕಿಗಳು ಹೇಳುವುದೇ ಅದು: ಮೊಡವಿ ತೆಗೀರಿ, ಹಿಂದಿನ ಕಂಬ ತೆಗೀರಿ, ಈ ಮನಷ್ಯಾನ ಫೋಟೋದಾಗಿಂದ ತೆಗೀರಿ, ನಮ್ಮ ಅವನ ಮಾತುಕತಿ ಇಲ್ಲ. ಇಪ್ಪತ್ತು ವರ್ಷದಿಂದ ಆ ಮಾತಿಗೆ ಆ ಬೆರಳು ಹಾಗೇ ಹೋಗಿದೆ. ಅವತ್ತೂ ಹೋಯಿತು.

"ದಾಜಿ," ಎಂದ ಅವನು. ದನಿ ಇಳಿದಿತ್ತು. "ಏನೂ ಮುಟ್ಟಬ್ಯಾಡ್ರಿ. ನೆಕ್ಸ್ಟ್ ಅಂತೂ ಒತ್ತಲೇಬ್ಯಾಡ್ರಿ. ಅಕ್ಕಾ, ಪ್ಲಗ್ ಕೀಳ. ಗ್ವಾಡಿ ಕಡಿಂದ ಕೀಳ!"

ನಾನು ಕಿತ್ತೆ. ಫ್ಯಾನಿಗೂ ಅದೇ ಪ್ಲಗ್ಗಿನಿಂದ ಕರೆಂಟು, ಅದೂ ನಿಂತಿತು.

ಮೊದಲೇ ಬಿಚ್ಚಬೇಕಿದ್ದ ಸ್ಕ್ರೂಗಳನ್ನು ಆಗ ಬಿಚ್ಚಿದೆವು. ಅಳಿಸಿದರೂ ಡಿಸ್ಕಿನಲ್ಲಿರುವುದು ಒಡನೆ ಹೋಗುವುದಿಲ್ಲ. ಯಾವುದು ಎಲ್ಲಿದೆ ಎಂಬ ಗುರುತು ಮಾತ್ರ ಹೋಗುತ್ತದೆ. ಮೇಲೆ ಹೊಸದೇನಾದರೂ ಬರೆದರೆ ಮುಗಿಯಿತು. ಇದು ನಾನು ಕಾಲೇಜಿನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದ ಸಂಗತಿ. ಆದರೆ ಆ ಡಿಸ್ಕನ್ನು ಕೈಯಲ್ಲಿ ಹಿಡಿದಾಗ ಅದು ಸಮಾಧಾನ ಕೊಡಲಿಲ್ಲ. ಅಷ್ಟೇನೂ ಭಾರವಿರದ ವಸ್ತು. ಅದನ್ನು ಒಗೆದಿಟ್ಟಿದ್ದ ಟವೆಲಿನಲ್ಲಿ ಸುತ್ತಿ ಸೊಲ್ಲಾಪುರದ ಬಸ್ಸು ಹತ್ತಿದೆ. ತೊಡೆಯ ಮೇಲಿಟ್ಟುಕೊಂಡು, ಕುಲುಕಿದಾಗಲೆಲ್ಲ ಮೇಲಕ್ಕೆತ್ತಿ ಹಿಡಿಯುತ್ತಿದ್ದೆ. ಪಕ್ಕದ ಹೆಂಗಸು ನನ್ನನ್ನೇ ನೋಡುತ್ತಿದ್ದಳು.

"ಕೂಸೇನ್ರಿ?"

"ಅಲ್ರಿ. ಮಷೀನ್ ಐತಿ."

"ಅಯ್ಯ, ನಾ ಮುಖಾ ನೋಡೋಣು ಅಂತಿದ್ದೆ," ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಸೋದರಮಾವನ ಮಗ ಅಂಗಡಿಯ ಮೆಟ್ಟಿಲ ಮೇಲೆ ಕಾಯುತ್ತಿದ್ದ. ಬೇರೆಯ ಪೆನ್ ಡ್ರೈವಿನಿಂದ ಬೇರೆಯ ಸಿಸ್ಟಮ್ ಶುರು ಮಾಡಿದ. ಅದು ಡಿಸ್ಕನ್ನು ಓದುತ್ತದೆ, ಮೇಲೆ ಏನೂ ಬರೆಯುವುದಿಲ್ಲ ಎಂದು ಇದೊಂದನ್ನು ಮಾತ್ರ ಎರಡು ಸಲ ಹೇಳಿದ. ಡಿಸ್ಕಿನ ಮೂಲೆಮೂಲೆ ಹುಡುಕುವ ಕೆಲಸ. ಹಸಿರು ಪಟ್ಟಿ ಇರುವೆಗಿಂತ ಮೆಲ್ಲಗೆ ಸರಿಯುತ್ತಿತ್ತು. ಏರ್ ಕೂಲರಿನ ಹುಲ್ಲಿನ ವಾಸನೆಯ ಗಾಳಿ. ನಾನು ಹಗಲೆಲ್ಲ ಆ ಪಟ್ಟಿಯನ್ನು ನೋಡುತ್ತ ಕೂತೆ, ಸಂಜೆ ಮಾವನ ಮನೆಗೆ ಹೋಗುತ್ತಿದ್ದೆ. ನಮ್ಮ ಮನೆಯವರು ಅಕ್ಕಲಕೋಟೆಯಲ್ಲಿ, ಊರಿನ ಸ್ವಾಮಿಗಳ ಮಠಕ್ಕೆ ಬಂದ ಭಕ್ತರ ಫೋಟೋ ತೆಗೆಯುತ್ತ, ನಡುನಡುವೆ ಫೋನು ಮಾಡುತ್ತಿದ್ದರು.

"ಎಷ್ಟಾತು?"

"ನಡದೈತಿ."

ಒಮ್ಮೆ ಮಾತ್ರ, "ಕಾಕೂನ ಫೋನ್ ಬಂದಿತ್ತು. ನಾ ಎತ್ತಲಿಲ್ಲ," ಎಂದರು. ಸ್ವಲ್ಪ ಹೊತ್ತಿಗೆ ನನ್ನ ಫೋನು ರಿಂಗಾಯಿತು.

"ಏನವಾ, ನಿನ್ನ ಗಂಡ ಫೋನ್ ಎತ್ತವಲ್ಲ. ನನ್ನ ಮಗಳ ಲಗ್ನ ಮುರೀತೇನು?"

ಅವರು ಚೇಷ್ಟೆ ಮಾಡಿದ್ದು. "ಇಲ್ರಿ ಕಾಕೂ, ಕೆಲಸಾ ನಡದೈತಿ," ಎಂದೆ. ಪಟ್ಟಿ ಆಗಿನ್ನೂ ಅರ್ಧಕ್ಕೆ ಬಂದಿರಲಿಲ್ಲ.

ಈಗಲೂ ನನಗೆ ಕಾಣುವುದು ಆ ಪಟ್ಟಿಯಲ್ಲ, ಬೆರಳು. ಅನ್ನ ಬಸಿಯುವಾಗ, ಬಸ್ಸಿಗೆ ಕಾಯುವಾಗ, ಆ ಬೆರಳು ಹೋಗಿ ಒತ್ತುತ್ತದೆ. ಇನ್ನೊಂದೇ ಗುಂಡಿಯ ದೂರದಲ್ಲಿ ನೆಕ್ಸ್ಟ್ ಇತ್ತು. ಸೋದರಮಾವನ ಮಗನ ಅಂಗಡಿಯ ಜಗಳ ಇನ್ನಷ್ಟು ಜೋರಾಗಿದ್ದು, ಸ್ಕ್ರೂ ಬಿಚ್ಚಿದಿರಾ ಎಂದು ಅವನು ಕೇಳದೆ, ಮುಂದೆ ಹೋಗ್ರಿ ಎಂದುಬಿಟ್ಟಿದ್ದರೆ? ಅಲ್ಲಿಗೆ ಬಂದು ನಿಲ್ಲುತ್ತೇನೆ, ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಫೈಲುಗಳು ಬಂದವು. ಎಲ್ಲವೂ ಅಲ್ಲ. ಹೆಸರಿಲ್ಲದೆ, ಬರೀ ಅಂಕಿ ಹೊತ್ತು ಬಂದವು. ಯಾರದೋ ತೊಟ್ಟಿಲಿನ ಅರ್ಧ ಹೋಗಿತ್ತು. ಅವರ ಮನೆಗೆ ಹೋಗಿ ನಮ್ಮ ಮನೆಯವರು ಕೈಮುಗಿದು ಬೈಸಿಕೊಂಡು ಬಂದರು. ಚಪಳಗಾಂವದ ಲಗ್ನ ಮಾತ್ರ ಚೂರುಚೂರಾಗಿಯಾದರೂ ಬಹುತೇಕ ಸಿಕ್ಕಿತು. ಆದರೆ ಕ್ರಮವಿಲ್ಲ. ಮೊದಲು ಹುಡುಗಿ ಅಳುತ್ತ ಗಂಡನ ಮನೆಗೆ ಹೋಗುತ್ತಾಳೆ, ಆಮೇಲೆ ಊಟ, ಆಮೇಲೆ ಅರಿಶಿಣ. ಸೀರೆಯ ಬಣ್ಣ, ನೆರಳಿನ ಉದ್ದ, ಚಪ್ಪರದ ಹೂ ಎಷ್ಟು ಬಾಡಿದೆ ಎಂಬುದನ್ನು ನೋಡುತ್ತ ನಾವಿಬ್ಬರೂ ಆ ಲಗ್ನವನ್ನು ಮತ್ತೆ ಜೋಡಿಸಿದೆವು. ಒಂದು ತುಂಡು ಸರಿಹೋಗಲಿಲ್ಲ. ಅಕ್ಷತೆ ಹಾಕುವ ಹೊತ್ತಿನದು. ಮಂತ್ರ, ಬ್ಯಾಂಡು ಎಲ್ಲ ಕೇಳುತ್ತದೆ, ಪರದೆಯ ತುಂಬ ಬೂದು ಚೌಕಗಳು.

ಅಷ್ಟು ದಿನ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಕಣ್ಣು ಮುಚ್ಚಿದರೂ ನಮ್ಮ ಮನೆಯವರ ತೋರುಬೆರಳು ಹೊದಿಕೆಯ ಮೇಲೆ ಆಡುತ್ತಿತ್ತು. ತೆಗಿ ಎಂಬ ಮಾತೂ ನಮ್ಮ ಮನೆಯಿಂದ ಹೊರಟುಹೋಗಿತ್ತು. ಡಬ್ಬಿಯ ಮುಚ್ಚಳ "ಬಿಚ್ಚು" ಎನ್ನುತ್ತಿದ್ದರು, ಕಿಟಕಿ "ಸರಿಸು" ಎನ್ನುತ್ತಿದ್ದರು. ಅಂಗಡಿಯಲ್ಲಿ ಯಾರಾದರೂ "ಇದನ್ನ ತೆಗೀರಿ" ಎಂದರೆ ಕೈ ಮೌಸಿನಿಂದ ಎದ್ದು, "ತೆಗೀರಿ ಅಂದ್ರ ಏನು ಮಾಡ್ಲಿ, ಬಿಡಿಸಿ ಹೇಳ್ರಿ," ಎಂದು ಕೇಳುತ್ತಿದ್ದರು. ಗಿರಾಕಿಗಳು ನಗುತ್ತಿದ್ದರು.

ಚಪಳಗಾಂವಕ್ಕೆ ಹೋದದ್ದು ಒಂದು ಹಗಲು. ಲಗ್ನವನ್ನು ಅದೇ ಮೂರನೆಯ ಪೆನ್ ಡ್ರೈವಿನಲ್ಲಿ ಹಾಕಿಕೊಂಡಿದ್ದೆವು. ಕಾಕೂ ಪಡಸಾಲೆಯಲ್ಲಿ ಹೊಸ ಸೀರೆಯುಟ್ಟು, ಕಾಲನ್ನು ಸ್ಟೂಲಿನ ಮೇಲಿಟ್ಟು, ವಾಕರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಕೂತಿದ್ದರು. ಮಗಳು ಅಳಿಯ ಬಂದಿದ್ದರು. ಟೀವಿಗೆ ಚುಚ್ಚಿದರೆ ಏನೂ ಇಲ್ಲ ಎಂದು ಬಂತು. ನಾನು ಎದ್ದು ಹೋಗಿ ಹಿಂದಿನ ತೂತಿಗೆ ಚುಚ್ಚಿದೆ.

ಅರಿಶಿಣದಲ್ಲಿ ತಮ್ಮ ನಾದಿನಿ ಕಂಡಾಗ ಕಾಕೂ, "ಅಕಿ ನನ್ನ ಸೀರಿ ಉಟ್ಟಾಳ," ಎಂದರು. ಮುಹೂರ್ತ ಬಂತು. ಅವರು ಸೆರಗಿನ ಗಂಟು ಬಿಚ್ಚಿದರು, ಒಳಗೆ ಅಕ್ಷತೆ. ನಮ್ಮ ಮನೆಯವರು ನನ್ನ ಕಡೆ ನೋಡಿದರು. ಆಗ ಪರದೆ ಬೂದಾಯಿತು. ಬ್ಯಾಂಡು ಬಾರಿಸುತ್ತಲೇ ಇತ್ತು.

"ಯಾಕ ಮಬ್ಬ ಆತು?"

"ಕಾಕೂ, ಅದು ನನ್ನ ಕೈಲಿಂದ..." ಎಂದು ನಮ್ಮ ಮನೆಯವರು ಎದ್ದು ನಿಂತರು. ಡಿಸ್ಕು, ಸ್ಕ್ರೂ, ತೆಗೀರಿ ಎಂದ ಮಾತು, ಎಲ್ಲವನ್ನೂ ಹೇಳಿದರು. ಹಿಂದೆ ಮಂತ್ರ ನಡೆದಿತ್ತು.

ಕಾಕೂ ಕೇಳಿಸಿಕೊಂಡರು. "ಕುಂಡ್ರಪಾ. ಅಕ್ಕಿಕಾಳ ಹೊತ್ತಿಗಿ ಮಂದಿ ಎಲ್ಲಾ ಎದ್ದು ಅಡ್ಡ ನಿಂದರ್ತದ. ನಾ ಅಲ್ಲಿದ್ರೂ ಇಷ್ಟ ಕಾಣ್ತಿತ್ತು," ಎಂದವರೇ ಬೂದು ಚೌಕಗಳ ಕಡೆ ಮುಷ್ಟಿ ತೆರೆದು ಅಕ್ಷತೆ ಬೀರಿದರು. ಟೀವಿಗೆ ಬಡಿದ ಕಾಳು ಪಟಪಟ ಎಂದವು. ನಾಲ್ಕೈದು ಅಳಿಯನ ತಲೆಯ ಮೇಲೂ ಬಿದ್ದವು. "ಆತು ನೋಡ್ರಿ ಲಗ್ನ. ಇನ್ನ ಉಣ್ಣಾಕ ಏಳ್ರಿ."

ಹುಗ್ಗಿ ಉಂಡು ಸಂಜೆಯ ಬಸ್ಸಿಗೆ ಬಂದೆವು. ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯವರು ಗೋಡೆಗೆ ಮುಖ ಮಾಡಿ ಮಲಗಿದ್ದರು. ನಾನು ಯಾವಾಗ ಮಲಗಿದೆನೋ ನೆನಪಿಲ್ಲ. ಎಚ್ಚರವಾದಾಗ ಕಿಟಕಿಯಿಂದ ಬಿಸಿಲು ಹಾಸಿಗೆಗೆ ಬಿದ್ದಿತ್ತು. ಹಾಲಿನವನು ಚಿಲಕ ಬಡಿಯುತ್ತಿದ್ದ, ಬಹಳ ಹೊತ್ತಿನಿಂದ ಬಡಿಯುತ್ತಿದ್ದನೆಂದು ಕಾಣುತ್ತದೆ. ಪಕ್ಕದಲ್ಲಿ ಹೊದಿಕೆ ಅಲುಗಿತು.

"ಬಾಗಲಾ ತೆಗಿ," ಎಂದರು ಅವರು, ನಿದ್ದೆಗಣ್ಣಿನಲ್ಲಿ.

ಎದ್ದು ತೆಗೆದೆ.