ತಿರುವಿನಲ್ಲಿ ಫನೂರಿಸನ ದೀಪ

"ಅಮ್ಮ, ಬಸ್ಸಿನ ಮಾಮ ಸತ್ತುಹೋಗಿದ್ದಾರಾ?" ಇಂದು ಬೆಳಿಗ್ಗೆ ಹಾಲು ಕುಡಿಯುತ್ತ ಮಿರ್ತೋ ಕೇಳಿದಳು.

ಮಗುವಿನ ತಪ್ಪಲ್ಲ. ನಮ್ಮ ಮನೆಯ ಮೇಲಿನ ತಿರುವಿನಲ್ಲಿ, ಬಸ್ಸು ನಿಲ್ಲುವಲ್ಲಿ, ಕಂಬದ ಮೇಲೊಂದು ತಗಡಿನ ಪುಟ್ಟ ಗುಡಿಯಿದೆ. ದ್ವೀಪದ ರಸ್ತೆಯುದ್ದಕ್ಕೂ, ಯಾರಾದರೂ ಬಿದ್ದು ಸತ್ತಲ್ಲೆಲ್ಲ, ಇಂಥವಿವೆ. ಒಳಗೆ ಸಂತನ ಪಟ, ಎಣ್ಣೆದೀಪ, ಸತ್ತವರ ಫೋಟೊ. ಈ ಗುಡಿಯ ಫೋಟೊ ಮಾತ್ರ ದಿನಾ ಬಸ್ಸು ಓಡಿಸುವ ಫನೂರಿಸಣ್ಣನದು.

ಪ್ರಾಯದಲ್ಲಿ ಅವನು ಪ್ರವಾಸಿಗರ ವ್ಯಾನು ಓಡಿಸುತ್ತಿದ್ದ. ಒಮ್ಮೆ ಖಾಲಿ ವ್ಯಾನಿನೊಂದಿಗೆ ಈ ತಿರುವಿನಿಂದ ಸಮುದ್ರಕ್ಕೆ ಬಿದ್ದ. ವ್ಯಾನು ಸಿಕ್ಕಿತು, ಅವನು ಸಿಗಲಿಲ್ಲ. ತಾಯಿ ಕಲ್ಲಿಯೋಪಿ ಗುಡಿ ನಿಲ್ಲಿಸಿ ದೀಪ ಹಚ್ಚಿದಳು. ಒಂಬತ್ತನೆಯ ದಿನ ಚರ್ಚಿನ ಅಂಗಳದಲ್ಲಿ ತಿಥಿಯ ಗೋಧಿ ಬೇಯಿಸಿ ಸಕ್ಕರೆ ಬೆರೆಸಿ ಹಂಚುತ್ತಿರುವಾಗ ಅವನೇ ಬಂದು ಸಾಲಿನಲ್ಲಿ ನಿಂತನಂತೆ. ಮೀನುದೋಣಿಯವರು ಎತ್ತಿ ಪಕ್ಕದ ದ್ವೀಪಕ್ಕೆ ಒಯ್ದಿದ್ದರು. ಹಸಿದಿದ್ದ, ತಿಂದ. ಕಾಫಿ ಅಂಗಡಿಯಲ್ಲಿ ಇವತ್ತಿಗೂ "ನಿನ್ನ ತಿಥಿ ಗೋಧಿ ಹೇಗಿತ್ತೋ?" ಎಂದು ಕೆಣಕುತ್ತಾರೆ. "ಸಕ್ಕರೆ ಕಮ್ಮಿ ಇತ್ತು" ಎನ್ನುತ್ತಾನೆ.

ದೀಪದಿಂದಲೇ ಮಗ ಮರಳಿದ ಎಂದು ನಂಬಿದ ತಾಯಿ ಗುಡಿ ಕೀಳಲು ಬಿಡಲಿಲ್ಲ, ದೀಪ ಆರಲೂ ಬಿಡಲಿಲ್ಲ. ಬೇಸಿಗೆಯ ರಜೆಗೆ ಬರುವವರು ಈಜಲು ಇಲ್ಲಿ ಇಳಿಯುತ್ತಾರೆ, ಮರಳುವ ಬಸ್ಸಿಗೆ ಕಾಯುತ್ತ ಗುಡಿಯೊಳಗೆ ಇಣುಕುತ್ತಾರೆ. ಫೋಟೊದಲ್ಲಿ ಮೀಸೆ ಕಪ್ಪು, ಬಸ್ಸಿನಲ್ಲಿ ಬಿಳಿ, ಕಣ್ಣುಗಳು ಅವೇ. ಹತ್ತಿದವರು ಹಿಂದಿನ ಸೀಟಿಗೆ ಸರಿಯುತ್ತಾರೆ. ಹೋದ ವರ್ಷ ಒಬ್ಬಾಕೆ ಹತ್ತದೆ ಬಿಸಿಲಲ್ಲೇ ಬಂದರಿನವರೆಗೆ ನಡೆದಳು.

ಈ ವಾರ ಕಲ್ಲಿಯೋಪಿ ಅಜ್ಜಿ ಹಾಸಿಗೆ ಹಿಡಿದಳು. ಮಂಗಳವಾರ ದೀಪ ಆರಿತ್ತು. ಮಿರ್ತೋಳ ಕೈ ಹಿಡಿದು ನಿಂತಿದ್ದೆ, ಬಸ್ಸು ಇಳಿದು ಬಂತು. ಸ್ಟೀರಿಂಗ್ ತಿರುಗುತ್ತಿತ್ತು, ಹಿಡಿದ ಕೈ ಕಾಣಲಿಲ್ಲ. ಗಾಜಿನ ಮೇಲೆ ಬಿಸಿಲಿತ್ತು, ಅದಕ್ಕೇ ಎಂದುಕೊಂಡೆ. ಮಗು ಹತ್ತಲೊಲ್ಲೆನೆಂದು ಅತ್ತಿತು. ಬಸ್ಸಿನ ಬಾಗಿಲು ತೆರೆದುಕೊಂಡು, ಸ್ವಲ್ಪ ಕಾದು, ಮುಚ್ಚಿಕೊಂಡಿತು. ಅಜ್ಜಿಗೆ ಬೇಸರವಾಗದಿರಲೆಂದು ಸಂಜೆ ನಾನೇ ಮನೆಯ ಎಣ್ಣೆ ಒಯ್ದು ದೀಪ ಹಚ್ಚಿದೆ.

ಅದು ಗೊತ್ತಾಗಿ ಇಂದು ಮಧ್ಯಾಹ್ನ ಫನೂರಿಸಣ್ಣ ನಿಂಬೆಹಣ್ಣು ಹಿಡಿದು ಬಂದ. ಮಿರ್ತೋ ನನ್ನ ಲಂಗದ ಹಿಂದೆ ಅಡಗಿದಳು. ಕಾಫಿ ಕೊಟ್ಟೆ, ಲೋಟ ಖಾಲಿಯಾದುದನ್ನು ನೋಡಿ ಸಮಾಧಾನವಾಯಿತು. ಮಂಗಳವಾರ ಅವನ ನಮಸ್ಕಾರಕ್ಕೆ ಯಾರೂ ಉತ್ತರಿಸಲಿಲ್ಲವಂತೆ. ಬಂದರಿನ ಬಸ್ ಶೆಡ್ಡಿನ ಕಾವಲುಗಾರ, ಅವನು ಸೀಟಿನಲ್ಲಿರುವಾಗಲೇ ಶೆಡ್ಡಿನ ಬಾಗಿಲಿಗೆ ಬೀಗ ಜಡಿದು ಊಟಕ್ಕೆ ಹೋದನಂತೆ.

"ಅಮ್ಮನೂ ಅಷ್ಟೆ," ಎಂದ. "ನನ್ನ ಕೈ ಹಿಡ್ಕೊಂಡೇ, ಫನೂರಿಸ್ ಇನ್ನೂ ಬರ್ಲಿಲ್ವಾ ಅಂದ್ಲು."

ಗುಡಿಯ ದೀಪವನ್ನು ಅದರಲ್ಲಿರುವವನೇ ಹಚ್ಚಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಹೆಂಡತಿ ಮಕ್ಕಳೂ ಅವನಿಗಿಲ್ಲ. ಹೊಸಿಲಲ್ಲಿ ನಿಂತು ಟೋಪಿ ತಿರುಗಿಸುತ್ತ ಕೇಳಿದ:

"ಅಮ್ಮ ಇನ್ನು ಏಳಲ್ಲ ತಂಗಿ. ದಿನಾ ಒಂಚೂರು ಎಣ್ಣೆ ಹಾಕಿ ಹಚ್ತೀಯಾ? ಬಸ್ಸು ಬಂದಾಗ ನನ್ನ ಹೆಸರು ಹಿಡಿದು ಕರಿ, ಬಸ್ಸಿನೊಳಗಿರೋರಿಗೆಲ್ಲ ಕೇಳೋ ಹಾಗೆ. ಸೀಟು ಖಾಲಿ ಕಂಡ್ರೂ ಕರಿ."