ಫೋನಿಗೆ ನಾನು ಕೊಟ್ಟ ಸುಳ್ಳು ಉತ್ತರ

ಕಳೆದ ವರ್ಷ ದೀಪಾವಳಿ ಮುಗಿದು ಎರಡು ವಾರವಾಗಿತ್ತು. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಯಲ್ಲಿ ನನ್ನದೊಂದು ಚಿಕ್ಕ ಕಡಲೆಕಾಯಿ ಮಿಲ್ಲಿದೆ. ಕಾಯಿ ಸುಲಿಯುವ ಮಷೀನು ಒಂದು, ಬೀಜ ಆರಿಸಲು ಹದಿನಾಲ್ಕು ಜನ ಹೆಂಗಸರು. ಬೆಂಗಳೂರಿನ ಒಂದು ಕುರುಕಲು ತಿಂಡಿ ಕಂಪನಿಯವರು ವರ್ಷವಿಡೀ ನನ್ನಿಂದಲೇ ಬೀಜ ಕೊಳ್ಳುವುದಾಗಿ ಹೇಳಿದ್ದರು. ಅದಕ್ಕೆ ಮೊದಲು ನನ್ನ ವ್ಯವಹಾರದಲ್ಲಿ ಏನೇನು ಅಪಾಯಗಳಿವೆ, ಅವಕ್ಕೆ ಏನು ಮಾಡಿದ್ದೇನೆ ಎಂದು ಬರೆದುಕೊಡಬೇಕಿತ್ತು.

ನಾನು ಓದಿದ್ದು ಪಿಯುಸಿವರೆಗೆ. ಇಂಥದ್ದನ್ನೆಲ್ಲ ಬರೆದು ಗೊತ್ತಿಲ್ಲ. ನನ್ನ ಮಗಳು ಮೇಘನಾ ತುಮಕೂರಿನಲ್ಲಿ ಬಿ.ಕಾಂ. ಓದುತ್ತಾಳೆ. ರಜೆಗೆ ಬಂದಿದ್ದವಳು ನನ್ನ ಫೋನಿಗೆ ಎಐ ಹಾಕಿಕೊಟ್ಟಳು.

"ಸುಮ್ನೆ ರಿಸ್ಕ್ ಏನು ಅಂತ ಕೇಳಿದ್ರೆ ಪುಸ್ತಕದಲ್ಲಿರೋದನ್ನೇ ಹೇಳುತ್ತೆ ಅಪ್ಪಾ. ನಮ್ ಮಿಲ್ಲು ಹೆಂಗಿದೆ ಅಂತ ಪೂರ್ತಿ ಹೇಳು. ಉತ್ತರ ಕೊಡೋಕೆ ಮುಂಚೆ ನನ್ನನ್ನೇ ಪ್ರಶ್ನೆ ಕೇಳು ಅಂತಾನೂ ಹೇಳು" ಎಂದಳು. ಮೊದಲ ಸಲ ಅವಳೇ ಕನ್ನಡದಲ್ಲಿ ಟೈಪು ಮಾಡಿಕೊಟ್ಟಳು: 'ಒಂದು ವರ್ಷ ಕಳೆದಿದೆ, ನನ್ನ ಮಿಲ್ಲು ಮುಚ್ಚಿಹೋಗಿದೆ ಎಂದುಕೋ. ಯಾಕೆ ಮುಚ್ಚಿತು? ಮುಚ್ಚುವ ಮೊದಲು ಯಾವ ಸೂಚನೆಗಳು ಕಂಡಿದ್ದವು?'

ನನಗೆ ಅದು ಅಪಶಕುನದ ಮಾತು ಅನ್ನಿಸಿತು. ಆದರೆ ಬಂದ ಪ್ರಶ್ನೆಗಳನ್ನು ನೋಡಿ ಬೆರಗಾದೆ. ಬೀಜದ ಚೀಲಗಳನ್ನು ಗೋಡೆಗೆ ಒತ್ತಿ ಇಟ್ಟಿದ್ದೀರಾ ಎಂದು ಕೇಳಿತು. ಹೋಗಿ ನೋಡಿದರೆ ಹಿಂದಿನ ಗೋಡೆ ತೇವ ಎಳೆದು ಕೆಳಗಿನ ಚೀಲಗಳಲ್ಲಿ ಹಸಿರು ಬೂಷ್ಟು ಹಿಡಿದಿತ್ತು. ಅವತ್ತೇ ಅವುಗಳನ್ನು ತೆಗೆಸಿ ಹಾಕಿದೆ. ಅಲ್ಲಿಂದ ಮುಂದೆ ಫೋನಿನ ಮೇಲೆ ನನಗೆ ಎಲ್ಲಿಲ್ಲದ ನಂಬಿಕೆ ಬಂತು. ಮಷೀನು ಓಡುತ್ತಿದ್ದರೆ ಪಕ್ಕದ ಕುರ್ಚಿಯಲ್ಲಿ ಕೂತು ಅದರ ಜೊತೆಯೇ ಮಾತು.

ಮೂರನೆಯ ದಿನ ಅದು ಹೀಗೆ ಕೇಳಿತು: 'ಮಷೀನಿನ ಬೆಲ್ಟಿಗೆ ರಕ್ಷಣೆಯ ಜಾಲರಿ ಇದೆಯೇ? ಇತ್ತೀಚೆಗೆ ಯಾರಿಗಾದರೂ ಸ್ವಲ್ಪದರಲ್ಲಿ ಅಪಾಯ ತಪ್ಪಿದ್ದುಂಟೇ?'

ಜಾಲರಿ ಇತ್ತು. ಆದರೆ ಗೋಡೆಗೆ ಒರಗಿಸಿ ಇಟ್ಟಿದ್ದೆವು. ಬೆಲ್ಟು ಜಾರಿದಾಗಲೆಲ್ಲ ನಾಲ್ಕು ಬೋಲ್ಟು ಬಿಚ್ಚಿ ಹಾಕುವುದು ದೊಡ್ಡ ರಗಳೆ ಎಂದು ನಾನೇ ತೆಗೆಸಿದ್ದೆ. ತಿಂಗಳ ಹಿಂದೆ ನಮ್ಮಲ್ಲಿ ಎಲ್ಲರಿಗಿಂತ ಹಳಬಳಾದ ಲಕ್ಷ್ಮೀದೇವಮ್ಮನ ಸೆರಗು ಆ ಬೆಲ್ಟಿಗೆ ಸಿಕ್ಕಿತ್ತು. ಹಳೆಯ ಸೀರೆಯಾದ್ದರಿಂದ ಹರಿದುಹೋಯಿತು, ಆಕೆ ಉಳಿದಳು. ಅವತ್ತು ಸಂಜೆ ಆಕೆ ನನ್ನ ಹತ್ತಿರ ಬಂದು, "ಯಜಮಾನ್ರೇ, ಆ ಜಾಲರಿ ಹಾಕ್ಸಿಬುಡಿ. ನಾನೇನೋ ಹಳಬ್ಳು, ದೂರ ಇರ್ತೀನಿ. ಹೊಸಬ್ರು ಬಂದ್ರೆ ಹೆಂಗೆ?" ಎಂದಿದ್ದಳು.

"ಆಯ್ತು ಕಣಮ್ಮ, ಭಾನುವಾರ ಹಾಕ್ಸ್ತೀನಿ" ಅಂದಿದ್ದೆ. ಭಾನುವಾರ ಹೋಯಿತು. ಇನ್ನೊಂದು ಭಾನುವಾರವೂ ಹೋಯಿತು.

ಈ ಕಾಗದ ಕಂಪನಿಗೆ ಹೋಗುತ್ತದೆ ಎಂಬುದು ನನ್ನ ತಲೆಯಲ್ಲಿತ್ತು. ಮೊದಲ ಪ್ರಶ್ನೆಗೆ 'ಇದೆ' ಎಂದು ಒತ್ತಿದೆ. ಎರಡನೆಯದಕ್ಕೆ 'ಇಲ್ಲ' ಎಂದೆ. ಫೋನು ಒಪ್ಪಿಕೊಂಡಿತು. ಅದಕ್ಕೇನು ಗೊತ್ತು? ಕೊನೆಗೆ ಬಂದ ವರದಿಯಲ್ಲಿ 'ಕೆಲಸಗಾರರ ಸುರಕ್ಷತೆ: ಅಪಾಯ ಕಡಿಮೆ' ಎಂದಿತ್ತು. ಅದನ್ನು ಪ್ರಿಂಟು ಹಾಕಿಸಿ ಆಫೀಸಿನ ಗೋಡೆಗೆ ಅಂಟಿಸಿದೆ. ನಾಚಿಕೆಯ ಸಂಗತಿ ಏನೆಂದರೆ, ಒಂದೆರಡು ದಿನದಲ್ಲಿ ಆ ವರದಿಯನ್ನು ನಾನೇ ನಂಬಲು ಶುರುಮಾಡಿದ್ದೆ. ಲಕ್ಷ್ಮೀದೇವಮ್ಮ ಮತ್ತೊಮ್ಮೆ ಜಾಲರಿಯ ಮಾತು ಎತ್ತಿದಾಗ ಗೋಡೆಯ ಕಡೆ ಕೈ ತೋರಿಸಿ, "ನೋಡಮ್ಮ, ಎಲ್ಲಾ ಚೆಕ್ ಮಾಡ್ಸಿದೀನಿ" ಎಂದೆ. ಆಕೆಗೆ ಓದು ಬರುವುದಿಲ್ಲ. ಕಾಗದವನ್ನೊಮ್ಮೆ ನೋಡಿ ತನ್ನ ಜಾಗಕ್ಕೆ ಹೋದಳು.

ಆ ವಾರ ಗಂಗಮ್ಮ ಎಂಬ ಹೊಸ ಹೆಂಗಸು ಕೆಲಸಕ್ಕೆ ಸೇರಿದಳು. ಪಾವಗಡದ ಕಡೆಯವಳು, ಇಪ್ಪತ್ತೆಂಟು ವರ್ಷವಿರಬಹುದು. ನನ್ನನ್ನು ಬಾಯಿ ತುಂಬ "ಅಣ್ಣಾ" ಎನ್ನುತ್ತಿದ್ದಳು. ಒಂದು ಗಳಿಗೆ ಸುಮ್ಮನೆ ಕೂರುವವಳಲ್ಲ. ಕೆಳಗೆ ಬಿದ್ದ ಬೀಜ ಕಂಡರೆ ಪೊರಕೆ ಹಿಡಿಯುತ್ತಿದ್ದಳು.

ಗುರುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕರೆಂಟು ಹೋಯಿತು. ಬೆಲ್ಟು ನಿಂತಿತು. ಅದರ ಕೆಳಗೆ ರಾಶಿ ಬೀಜ ಉದುರಿತ್ತು. ಗಂಗಮ್ಮ ಪೊರಕೆ ತೆಗೆದುಕೊಂಡು ಬಗ್ಗಿದಳು. ಕರೆಂಟು ಬಂದಾಗಲೆಲ್ಲ ಓಡಿ ಹೋಗಿ ಗುಂಡಿ ಒತ್ತುವ ಗೋಜು ಬೇಡವೆಂದು ನಾನು ಆಟೋ ಸ್ಟಾರ್ಟರ್ ಹಾಕಿಸಿದ್ದೆ. ಕರೆಂಟು ಬಂತು. ಮಷೀನು ತಾನಾಗಿಯೇ ತಿರುಗಿತು.

ಕೂಗು ಕೇಳಿ ನಾನು ಆಫೀಸಿನಿಂದ ಓಡಿ ಬರುವಷ್ಟರಲ್ಲಿ ಲಕ್ಷ್ಮೀದೇವಮ್ಮ ಸ್ವಿಚ್ ಇಳಿಸಿದ್ದಳು. ಗಂಗಮ್ಮನ ಬಲಗೈ ಬೆಲ್ಟು ಸುತ್ತುವ ಪುಲ್ಲಿಯ ಸಂದಿಯಲ್ಲಿತ್ತು. ಅದನ್ನು ನಾನು ಇಲ್ಲಿ ವಿವರಿಸಲಾರೆ. ಅವಳು ಅಳುತ್ತಿರಲಿಲ್ಲ. "ಅಣ್ಣಾ, ಕೈ ಐತಾ? ಕೈ ಐತಾ ಅಣ್ಣಾ?" ಎಂದು ಕೇಳುತ್ತಲೇ ಇದ್ದಳು.

ನನ್ನ ಕಾರಿನಲ್ಲೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿ ರಕ್ತ ನಿಲ್ಲಿಸಿ ಆಂಬುಲೆನ್ಸಿನಲ್ಲಿ ತುಮಕೂರಿಗೆ ಕಳಿಸಿದರು. ಲಕ್ಷ್ಮೀದೇವಮ್ಮನೂ ನಾನೂ ಜೊತೆಗೆ ಹತ್ತಿದೆವು. ಕೊರಟಗೆರೆ ದಾಟುವಾಗ ಗಂಗಮ್ಮನಿಗೆ ಎಚ್ಚರ ತಪ್ಪಿತು. ಲಕ್ಷ್ಮೀದೇವಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ನನ್ನ ಮುಖ ನೋಡದೆ ಕೂತಿದ್ದಳು. ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದ ಮೇಲೆ ಮಾತಾಡಿದಳು.

"ಆ ಫೋನ್ ಜೊತೆ ಮೂರ್ ದಿನ ಮಾತಾಡಿದ್ರಿ ಯಜಮಾನ್ರೇ. ನಮ್ಮನ್ನ ಒಂದ್ ಮಾತು ಕೇಳ್ಬೋದಿತ್ತು."

ಮೊಣಕೈಯಿಂದ ಕೆಳಗೆ ಕೈ ಉಳಿಯಲಿಲ್ಲ.

ಗಂಗಮ್ಮನ ಗಂಡ ಮಧ್ಯಾಹ್ನ ಬಂದ. ಪಾವಗಡದ ಹತ್ತಿರ ರಾಯಚರ್ಲು ಕಡೆಯ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ಒರೆಸುವ ಕೆಲಸ ಅವನದು. ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಬೆಂಚಿನ ಮೇಲೆ ನನ್ನ ಪಕ್ಕವೇ ಕೂತ. "ಸೋಲಾರಲ್ಲಿ ನಮ್ಮನ್ನ ದಿನಾ ಬೆಳಿಗ್ಗೆ ಸಾಲಾಗಿ ನಿಲ್ಸಿ ಕೇಳ್ತಾರೆ ಸಾರ್, ಇವತ್ತು ಎಲ್ಲೆಲ್ಲಿ ಡೇಂಜರ್ ಐತೆ, ಹೇಳ್ರಪ್ಪಾ ಅಂತ. ನಿಮ್ ಮಿಲ್ಲಲ್ಲಿ ಅಂಗೆ ಕೇಳಲ್ವಾ?" ಎಂದ. ನಾನು ಇಲ್ಲವೆಂದು ತಲೆಯಾಡಿಸಿದೆ.

ಮಾರನೆಯ ದಿನ ಮಿಲ್ಲಿಗೆ ಬಂದಾಗ ಬೆಲ್ಟಿಗೆ ಜಾಲರಿ ಕೂತಿತ್ತು. ನಾಲ್ಕೂ ಬೋಲ್ಟು ಹೊಸವು. ನನ್ನ ಭಾಮೈದ ನಟರಾಜ ಮುಂಜಾನೆಯೇ ಬಂದು ಹಾಕಿಸಿದ್ದ.

"ಫ್ಯಾಕ್ಟರಿ ಇನ್ಸ್‌ಪೆಕ್ಟರು ಬರ್ತಾವ್ರೆ ಭಾವ. ಜಾಲರಿ ಇತ್ತು, ಅವ್ಳೇ ಬಿಚ್ಚಿ ಕೈ ಹಾಕಿದ್ಲು ಅನ್ನು. ಗೋಡೆ ಮೇಲೆ ರಿಪೋರ್ಟೂ ಐತಲ್ಲ, ಅದನ್ನ ತೋರ್ಸು. ಯಾರು ಏನ್ ಕೇಳ್ತಾರೆ?"

ಸುಳ್ಳು ಹೇಳುವುದಿಲ್ಲ, ಆ ಮಾತು ಕೇಳಿ ನನ್ನ ಎದೆ ಹಗುರವಾಯಿತು. ಹಾಗೆಯೇ ಹೇಳಿಬಿಡೋಣ ಎಂದುಕೊಂಡೆ. ಫೋನು ತೆಗೆದು ಹಳೆಯ ಮಾತುಕತೆಯನ್ನು ಮೇಲಕ್ಕೆ ತಳ್ಳುತ್ತಾ ಹೋದೆ. ಎರಡೇ ಅಕ್ಷರದ ನನ್ನ ಉತ್ತರಗಳು ಹಾಗೇ ಕೂತಿದ್ದವು. ಯಾಕೋ ಗೊತ್ತಿಲ್ಲ, ಅದರ ಕೆಳಗೇ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಜಾಲರಿ ಹಾಕಿರಲಿಲ್ಲ, ಒಬ್ಬಾಕೆಯ ಸೆರಗು ಸಿಕ್ಕಿ ಹರಿದಿತ್ತು, ಅವಳು ಎರಡು ಸಲ ಹೇಳಿದ್ದಳು. ಇದು ಮೊದಲೇ ಗೊತ್ತಿದ್ದರೆ ಏನು ಹೇಳುತ್ತಿದ್ದೆ ಎಂದು ಕೇಳಿದೆ. ಉತ್ತರದ ಮೊದಲ ಸಾಲು ಹೀಗಿತ್ತು: 'ಜಾಲರಿ ಹಾಕುವವರೆಗೆ ಮಷೀನನ್ನು ಓಡಿಸಬೇಡಿ ಎನ್ನುತ್ತಿದ್ದೆ.'

ಅದನ್ನು ಓದಿ ಫೋನನ್ನು ಮಡಚಿದ ಟವೆಲಿನ ಕೆಳಗೆ ಬಚ್ಚಿಟ್ಟೆ. ಯಾರಿಂದ ಬಚ್ಚಿಟ್ಟೆನೋ.

ಇನ್ಸ್‌ಪೆಕ್ಟರು ಬಂದು ಜಾಲರಿಯನ್ನು ಮುಟ್ಟಿ ನೋಡಿ, "ಇದು ಯಾವಾಗ್ಲೂ ಇರ್ತಿತ್ತಾ?" ಎಂದು ಕೇಳಿದರು. ನಟರಾಜ ನನ್ನನ್ನೇ ನೋಡುತ್ತಿದ್ದ. ಹೆಂಗಸರೆಲ್ಲ ಅಂಗಳದಲ್ಲಿ ನಿಂತಿದ್ದರು.

"ಇಲ್ಲ ಸಾರ್. ಇವತ್ತು ಬೆಳಿಗ್ಗೆ ಹಾಕಿದ್ದು" ಎಂದೆ.

ನಟರಾಜ ಇಂದಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಕೇಸಾಯಿತು, ಇನ್ನೂ ನಡೆಯುತ್ತಿದೆ. ಗಂಗಮ್ಮನಿಗೆ ಪರಿಹಾರ ಕೊಟ್ಟಿದ್ದೇನೆ, ಕೊಡುತ್ತಿದ್ದೇನೆ. ಕಂಪನಿಯವರು ಹಿಂದೆ ಸರಿದರು. ಮಿಲ್ಲು ಮೂರು ತಿಂಗಳು ಮುಚ್ಚಿತ್ತು. ಮತ್ತೆ ತೆರೆದಾಗ ಹದಿನಾಲ್ಕರಲ್ಲಿ ಒಂಬತ್ತು ಜನ ಬಂದರು. ಈಗಲೂ ಎಐ ಕೇಳುತ್ತೇನೆ. ಆದರೆ ಪ್ರತಿ ಶನಿವಾರ ಎಲ್ಲರೂ ಸುತ್ತ ಕೂತಿರುವಾಗಲೇ ಕೇಳುತ್ತೇನೆ. ಅದರ ಪ್ರಶ್ನೆಯನ್ನು ನಾನು ಜೋರಾಗಿ ಓದುತ್ತೇನೆ. ಲಕ್ಷ್ಮೀದೇವಮ್ಮ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ಬರೆದದ್ದನ್ನು ಆಕೆಗೆ ಓದಿ ಹೇಳಿದ ಮೇಲೆಯೇ ಕಳಿಸುವುದು.

ಕಳೆದ ತಿಂಗಳು ಗಂಗಮ್ಮನ ಮನೆಗೆ ಹೋಗಿದ್ದೆ. ಬಾಗಿಲಲ್ಲಿ ಕೂತು ಎಡಗೈಯಲ್ಲಿ ಸ್ಲೇಟಿನ ಮೇಲೆ ತನ್ನ ಹೆಸರು ಬರೆಯುತ್ತಿದ್ದಳು. ಮೊದಲಿನ ಹಾಗೆಯೇ "ಬಾ ಅಣ್ಣಾ" ಎಂದಳು. ಸ್ವಲ್ಪ ಹೊತ್ತು ಮಳೆ, ಬೆಳೆ ಅಂತ ಮಾತಾಡಿದೆವು. ಆಮೇಲೆ ಕೇಳಿದಳು:

"ಮಷೀನ್ ಓಡ್ತಾ ಐತಾ ಅಣ್ಣಾ?"

"ಓಡ್ತಾ ಐತೆ ಕಣಮ್ಮ."

"ಕೆಳಗೆ ಬೀಜ ಬೀಳ್ತಾವಲ್ಲ, ಈಗ ಯಾರು ಗುಡಿಸ್ತಾರೆ?"

"ನಾನೇ ಗುಡಿಸ್ತೀನಿ. ಮಷೀನ್ ನಿಲ್ಸಿ, ಫ್ಯೂಸ್ ಕಿತ್ತು ಜೇಬಲ್ಲಿ ಇಟ್ಕೊಂಡು ಗುಡಿಸ್ತೀನಿ."

ಅವಳು ನನ್ನ ಎರಡೂ ಕೈಗಳನ್ನು ನೋಡಿದಳು, ಬಹಳ ಹೊತ್ತು. ಕೋಪದಿಂದಲ್ಲ. ಅವು ಸರಿಯಾಗಿವೆಯೇ ಎಂದು ನೋಡುವ ಹಾಗೆ. ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೋ ನನಗೆ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.