ಕಾರ್ಟೂನಿನಲ್ಲಿದ್ದ ಅತ್ತೆಮಗಳು

ಇಪ್ಪತ್ತರ ಹತ್ತಿರದ ಹುಡುಗಿಯರಿಬ್ಬರು ಭಾನುವಾರ ಬೆಳಿಗ್ಗೆ ಟೀವಿಯ ಮುಂದೆ ಕೂತು ಕಾರ್ಟೂನ್ ನೋಡುವುದು ನಮ್ಮ ಬೀದಿಯವರಿಗೆ ದೊಡ್ಡ ತಮಾಷೆಯಾಗಿತ್ತು. ನಾನು ಆಗ ತೇನಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಇನ್ನೊಬ್ಬಳು ನನ್ನ ಸೋದರತ್ತೆಯ ಮಗಳು, ನನಗಿಂತ ಒಂದು ವರ್ಷ ದೊಡ್ಡವಳು. ಹನ್ನೆರಡನೆಯ ತರಗತಿ ಮುಗಿಸಿ ಮನೆಯ ದ್ರಾಕ್ಷಿ ತೋಟದ ಕೆಲಸಕ್ಕೆ ನಿಂತಿದ್ದಳು. ಕಂಬಂ ಪಕ್ಕದ ನಮ್ಮ ಊರಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಬೀದಿ. ಕೇಬಲ್ ಇದ್ದದ್ದು ಅವರ ಮನೆಯಲ್ಲಿ, ಅವಳ ಅಣ್ಣ ಹಾಕಿಸಿದ್ದು. "ಕತ್ತೆ ವಯಸ್ಸಾತು, ಇನ್ನೂ ಬೊಂಬೆ ಪಡ ನೋಡ್ತಾವೆ ನೋಡು" ಎಂದು ಅತ್ತೆ ಅಡುಗೆಮನೆಯಿಂದಲೇ ಬೈಯುತ್ತಿದ್ದಳು.

ಅದು ಯಾವುದೋ ದೂರದ ದೇಶದ ಸೀರಿಯಲ್, ತಮಿಳಿಗೆ ಡಬ್ ಆಗಿ ಬರುತ್ತಿತ್ತು. ಒಂದು ಸೇತುವೆ, ಅದರ ಆಚೆ ಮಂಜಿನಿಂದ ಹುಟ್ಟುವ ಮೃಗಗಳು, ಈಚೆ ಊರು. ಸೇತುವೆ ಕಾಯುವವರು ಇಬ್ಬರು ಹೆಂಗಸರು. ಒಬ್ಬಳು ಕೂದಲನ್ನು ಗಂಡಸರಂತೆ ಕತ್ತರಿಸಿಕೊಂಡವಳು, ಕೈಯಲ್ಲಿ ಈಟಿ, ಬಾಯಲ್ಲಿ ಮಾತು ಕಡಿಮೆ. ಇನ್ನೊಬ್ಬಳು ಅವಳ ಗಾಯಗಳಿಗೆ ಔಷಧಿ ಹಚ್ಚುವವಳು, ಹಚ್ಚುತ್ತಲೇ ಬಾಯಿಗೆ ಬಂದಂತೆ ಬೈಯುವವಳು. ರಾಜಕುಮಾರನಿದ್ದ, ಮಂತ್ರವಾದಿಯಿದ್ದ, ಮಾತಾಡುವ ಆಮೆಯೂ ಇತ್ತು. ನಮಗೆ ಬೇಕಾದವರು ಇವರಿಬ್ಬರೇ. ಒಂದೇ ಬಟ್ಟಲಿನಲ್ಲಿ ಗಂಜಿ ಕುಡಿಯುತ್ತಿದ್ದರು. ಒಬ್ಬಳು ಕಾವಲಿಗೆ ಹೋದರೆ ಅವಳು ಬರುವ ತನಕ ಇನ್ನೊಬ್ಬಳು ಮಲಗುತ್ತಿರಲಿಲ್ಲ. ಇವರು ಒಬ್ಬರಿಗೊಬ್ಬರು ಏನು ಎಂಬುದು ಕಣ್ಣಿದ್ದವರಿಗೆ ಗೊತ್ತಾಗುತ್ತಿತ್ತು.

ಡಬ್ ಮಾಡಿದವರಿಗೂ ಗೊತ್ತಾಗಿರಬೇಕು, ಅದಕ್ಕೇ ಗಾಬರಿಬಿದ್ದರು. ಹೊತ್ತುಗೊತ್ತಿಲ್ಲದೆ ಇಬ್ಬರ ಬಾಯಲ್ಲೂ ಒಂದು ನೆಂಟಸ್ತಿಕೆ ತುರುಕಿದರು. ಈಟಿಯವಳು ಔಷಧಿಯವಳನ್ನು "ಅತ್ತೈ ಮಗಳೇ" ಎಂದು ಕರೆಯುತ್ತಿದ್ದಳು. ಚಿತ್ರದ ತುಟಿ ಮುಚ್ಚಿಕೊಂಡಾದ ಮೇಲೂ ದನಿ ಮಾತ್ರ ಓಡಿಬಂದು "ಅತ್ತೈ ಮಗಳೇ" ಎಂದು ಸೇರಿಸುತ್ತಿತ್ತು. ಸಂಬಂಧಿಕರು ತಾನೆ, ಒಂದೇ ಬಟ್ಟಲಲ್ಲಿ ಕುಡಿದರೇನು ಎಂದು ನೋಡುವವರು ಸುಮ್ಮನಾಗಲಿ ಎಂಬುದು ಅವರ ಲೆಕ್ಕಾಚಾರ.

ಆ ಪುಣ್ಯಾತ್ಮರಿಗೆ ನಮ್ಮ ಜನದ ವಿಷಯ ತಿಳಿದಿರಲಿಲ್ಲ. ತಲೆತಲಾಂತರದ ಹಿಂದೆ ಕನ್ನಡನಾಡು ಬಿಟ್ಟು ಈ ಕಣಿವೆಗೆ ಬಂದ ಒಕ್ಕಲು ನಾವು. ಮನೆಯಲ್ಲಿ ನಮ್ಮ ಹಳೆಯ ಕನ್ನಡ, ಬೀದಿಗಿಳಿದರೆ ತಮಿಳು. ಅರ್ಧ ಮಾತು ಮರೆತಿದ್ದರೂ ಮದುವೆಯ ವರಸೆಯನ್ನು, ನಮ್ಮ ಬಾಯಲ್ಲಿ ಅದು ಮೊರೆ, ಮಾತ್ರ ಯಾರೂ ಮರೆತವರಲ್ಲ. ಅಕ್ಕತಂಗಿ ಎಂದಿದ್ದರೆ ಸರಿಹೋಗುತ್ತಿತ್ತು. ಅತ್ತೆಯ ಮಗಳೆಂದರೆ ನಮ್ಮಲ್ಲಿ ಕಟ್ಟಿಕೊಳ್ಳಲು ಮೊದಲ ಹಕ್ಕಿರುವ ಹೆಣ್ಣು. ಬೇರೆ ಕಡೆ ಕೊಡಬೇಕಾದರೂ ಹಕ್ಕುದಾರನ ಮನೆಗೆ ಬಂದು ಕೇಳಿ ಕೊಡಬೇಕು.

ನಮ್ಮಿಬ್ಬರಿಗೂ ಒಬ್ಬಳೇ ಅಜ್ಜಿ, ನನ್ನ ಅಪ್ಪನನ್ನೂ ಅವಳ ಅವ್ವನನ್ನೂ ಹೆತ್ತವಳು. ಒಂದು ಭಾನುವಾರ ನಮ್ಮ ಪಕ್ಕ ಕೂತು ಮೊಚ್ಚೆ ಅವರೆಕಾಯಿ ಸುಲಿಯುತ್ತಿದ್ದಳು. ಆ ಮಾತು ಕಿವಿಗೆ ಬೀಳುತ್ತಲೇ ತಲೆ ಎತ್ತಿದಳು.

"ಮೊರೆ ಸರ್ಯಾಗೇ ಐತಲ್ಲ. ಇನ್ನೂ ಯಾಕೆ ಕಲ್ಯಾಣ ಆಗ್ದೆ ಅಲೀತಾವೆ?"

ಕ್ರಾಪಿನವಳನ್ನು ಅವಳು ಗಂಡೆಂದುಕೊಂಡಿದ್ದಳು. ನನ್ನ ಅತ್ತೆಮಗಳು ಟೀವಿಯಿಂದ ಕಣ್ಣು ತೆಗೆಯದೆ, "ಇಬ್ರೂ ಎಣ್ಣೇ ಅಜ್ಜಿ" ಎಂದಳು.

"ಇಬ್ರೂ ಎಣ್ಣಾ?" ಅಜ್ಜಿ ಟೀವಿಯ ಕಡೆ ಬಗ್ಗಿ ನೋಡಿದಳು. "ಅಯ್ಯೋ ಪಾವ. ಮೊರೆ ಇದ್ದೂ ಇಂಗಾಯ್ತಾ."

ಅವಳು ಮತ್ತೆ ಕಾಯಿ ಸುಲಿಯತೊಡಗಿದಳು. ನಾವಿಬ್ಬರೂ ಮುಖ ಮುಖ ನೋಡಿಕೊಳ್ಳಲಿಲ್ಲ. ನೋಡಿಕೊಂಡಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ.

ಎಷ್ಟೋ ವರ್ಷಗಳ ಮೇಲೆ ಆ ಸೀರಿಯಲ್ಲಿನ ಮೂಲವನ್ನು ಕಂಪ್ಯೂಟರಿನಲ್ಲಿ, ಕೆಳಗೆ ಬರುವ ಇಂಗ್ಲಿಷ್ ಓದಿಕೊಂಡು ನೋಡಿದೆ. ಅಲ್ಲಿ ಅತ್ತೆಯೂ ಇಲ್ಲ, ಮಗಳೂ ಇಲ್ಲ. ಈಟಿಯವಳು ಕರೆಯುವುದು "ನನ್ನ ಜೀವವೇ" ಎಂದು, ಅಷ್ಟೇ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಒಂದು ಮಾತು ಹಗಲು ಹೊತ್ತಿನಲ್ಲಿ, ಅತ್ತೆ ಅಡುಗೆಮನೆಯಲ್ಲಿರುವಾಗ, ಅಜ್ಜಿ ಪಕ್ಕದಲ್ಲಿ ಕೂತಿರುವಾಗ ನಮ್ಮ ಕಿವಿಗೆ ಬಿದ್ದಿದ್ದರೆ ಮುಂದಿನದೇನೂ ತಪ್ಪುತ್ತಿರಲಿಲ್ಲವೇನೋ. ಆದರೆ ನಮ್ಮಂಥವರು ಇನ್ನೂ ಯಾರೋ ಇದ್ದಾರೆ ಎಂದಾದರೂ ತಿಳಿಯುತ್ತಿತ್ತು. ಅಷ್ಟೂ ಸಿಗದ ಹಾಗೆ ಮಾಡಿದರು.

ಯಾಕೆಂದರೆ ನಾನು ಅವಳನ್ನು ಪ್ರೀತಿಸುತ್ತಿದ್ದೆ, ಅವಳೂ ನನ್ನನ್ನು. ಇದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ನನಗೆ ದಾಟಿಹೋಗಿದೆ. ಕಾಲೇಜಿನಿಂದ ಬಂದವಳೇ ತೋಟಕ್ಕೆ ಓಡುತ್ತಿದ್ದೆ. ಅವಳು ಚಪ್ಪರದ ಕೆಳಗೆ ನಿಂತು ಗೊಂಚಲಿನ ಸಣ್ಣ ಕಾಯಿಗಳನ್ನು ಕತ್ತರಿಯಿಂದ ತೆಗೆಯುತ್ತಿರುತ್ತಿದ್ದಳು. ಎಲೆಗೆ ಹೊಡೆದ ಮೈಲುತುತ್ತದ ನೀಲಿ ಅವಳ ಕೂದಲಿಗೂ ಹತ್ತಿರುತ್ತಿತ್ತು. ಮೇಲೆ ನೋಡಿ ನೋಡಿ ಹಿಡಿದುಕೊಂಡ ಅವಳ ಕುತ್ತಿಗೆಯನ್ನು ನಾನು ಒತ್ತುತ್ತಿದ್ದೆ. "ಇಷ್ಟೊತ್ತಾ ಬರೋದು?" ಎಂದು ಅವಳು ಗದರುತ್ತಿದ್ದಳು. ನಮ್ಮಲ್ಲಿ ಬೈಯುವವಳು ಯಾರೆಂಬುದರ ಬಗ್ಗೆ ಜಗಳವೇ ಇರಲಿಲ್ಲ. ಒಮ್ಮೆ ನನ್ನ ಕೆನ್ನೆಗೆ ಕೆನ್ನೆ ಇಟ್ಟು ಬಹಳ ಹೊತ್ತು ನಿಂತಳು. ಆಮೇಲೆ ಕತ್ತರಿ ಎತ್ತಿಕೊಂಡು ಮುಂದಿನ ಸಾಲಿಗೆ ಹೋದಳು.

ಅದೇ ವರ್ಷ ದಿಂಡಿಗಲ್‌ನಿಂದ ಅವಳಿಗೆ ಗಂಡು ಬಂತು. ಬೀಗದ ವ್ಯಾಪಾರ, ಸ್ವಂತ ಮನೆ, ನಮ್ಮ ಜನವೇ. ಅತ್ತೆಗೆ ಒಪ್ಪಿಗೆಯಾಗಿತ್ತು. ಆ ಸುದ್ದಿ ಕೇಳಿ ನನಗೆ ಊಟ ಸೇರಲಿಲ್ಲ. ಕಾಲೇಜಿಗೆಂದು ಹೊರಟ ಬಸ್ಸಿನಲ್ಲಿ ತೇನಿಯಲ್ಲಿ ಇಳಿಯುವುದನ್ನೂ ಮರೆತು ಆಂಡಿಪಟ್ಟಿ ತನಕ ಹೋಗಿದ್ದೆ.

ದಾರಿ ಹುಡುಕಿದವಳು ಅವಳೇ. ನನ್ನ ಅಣ್ಣ ಒಡ್ಡನ್‌ಛತ್ರಂ ಮಾರ್ಕೆಟ್ಟಿನಲ್ಲಿ ತರಕಾರಿ ಮಂಡಿ ನೋಡಿಕೊಳ್ಳುತ್ತಿದ್ದ. ವಾರಕ್ಕೊಮ್ಮೆ ಊರಿಗೆ ಬರುವ, ಯಾರ ತಂಟೆಗೂ ಹೋಗದ ಒಳ್ಳೆಯ ಮನುಷ್ಯ. ಅವಳ ಮೇಲೆ ಮೊದಲ ಹಕ್ಕು ಅವನದು, ನಮ್ಮ ಮಾತಿನಲ್ಲಿ ಅವಳ ಮೊರೆ ಮಾಪ್ಳೆ.

"ನಿಮ್ಮಣ್ಣ ನನ್ನ ಕೇಳ್ಲಿ" ಎಂದಳು ಅವಳು, ಚಪ್ಪರದ ಕಂಬಕ್ಕೆ ಒರಗಿಕೊಂಡು. "ಮೊರೆ ಮಾಪ್ಳೆ ಕೇಳಿದ್ರೆ ನಮ್ಮವ್ವ ಇಲ್ಲಾ ಅನ್ನಂಗಿಲ್ಲ. ಆಮೇಲೆ ನಾ ನಿಮ್ಮನೇಲೇ ಇರ್ತೀನಿ. ನಿನ್ನ ತಾವೇ."

"ನಮ್ಮಣ್ಣನ ಕಟ್ಕೊಂಡಾ?"

"ಯಾರ್ನಾದ್ರೂ ಕಟ್ಕೋಬೇಕಲ್ಲ. ಅವ್ರು ವಾರಕ್ಕೊಂದಪ ಬತ್ತಾರೆ. ನೀ ದಿನಾ ಇರ್ತೀಯ."

ಈ ಉಪಾಯಕ್ಕೆ ನಾವು ಕುಣಿದಾಡಿದೆವು ಎಂದರೆ ಈಗ ಯಾರಿಗಾದರೂ ನಗು ಬರಬಹುದು. ಬರಲಿ. ನಮ್ಮ ಜನ ನಮ್ಮ ಕೈಗೆ ಕೊಟ್ಟಿದ್ದೇ ಆ ಒಂದು ಹಕ್ಕನ್ನು. ಅವಳು ಅಜ್ಜಿಯ ಕಿವಿಗೆ ಮಾತು ಹಾಕಿದಳು, ಅಜ್ಜಿ ನನ್ನ ಅಪ್ಪನಿಗೆ ಹೇಳಿದಳು, ಅಣ್ಣ ತಲೆಯಾಡಿಸಿದ. ದಿಂಡಿಗಲ್‌ನವರಿಗೆ ಇಲ್ಲವೆಂದು ಹೇಳಿ ಕಳಿಸಿದರು. ಆ ದಿನಗಳಲ್ಲಿ ನಾನು ಕಾಲು ನೆಲಕ್ಕೆ ತಾಗಿಸದೆ ಓಡಾಡಿದೆ. ನನ್ನ ಬೀರುವಿನಲ್ಲಿ ಅವಳ ಸೀರೆಗಳಿಗೆಂದು ಒಂದು ಖಾನೆ ಖಾಲಿ ಮಾಡಿದೆ.

ಮದುವೆಯ ಮಾತಿಗೆ ಹಿರಿಯರು ನಮ್ಮ ಪಡಸಾಲೆಯಲ್ಲಿ ಕೂತರು. ನಾನು ಕಾಫಿ ಕೊಡುತ್ತಿದ್ದೆ. ಅತ್ತೆ ಲೋಟ ತೆಗೆದುಕೊಂಡು, ನನ್ನ ಕೈ ಬಿಡದೆ ಅಪ್ಪನ ಕಡೆ ತಿರುಗಿ, "ನಾ ಒಂದೆಣ್ಣು ಕೊಡ್ತೀನಿ. ನೀ ಒಂದೆಣ್ಣು ಕೊಡು. ನನ್ನ ಮಗನ್ಗೂ ವಯಸ್ಸಾತು" ಎಂದಳು.

ಕೊಟ್ಟು ತರುವುದು ನಮ್ಮಲ್ಲಿ ಹೊಸದಲ್ಲ. ಅತ್ತೆಯ ಮಗನೂ ನನಗೆ ವರಸೆಯವನೇ. ಅದು ನಮ್ಮಿಬ್ಬರ ತಲೆಗೆ ಒಮ್ಮೆಯೂ ಹೊಳೆದಿರಲಿಲ್ಲ. ಅವಳು ಬರುವ ಮನೆಯಲ್ಲಿ ನಾನು ಇರುವುದೇ ಇಲ್ಲ ಎಂಬುದು ಆ ಕಾಫಿಯ ತಟ್ಟೆ ಕೈಯಲ್ಲಿರುವಾಗ ನನಗೆ ಅರ್ಥವಾಯಿತು. ಅಜ್ಜಿಗೆ ಆನಂದವೋ ಆನಂದ. "ಒಂದು ಬೀದಿ ದೂರ! ಇಂಥ ಕಲ್ಯಾಣ ಯಾರ್ಗೆ ಸಿಗ್ತದೆ?" ಎಂದು ನನ್ನ ಕೆನ್ನೆ ಸವರಿ ನೆಟಿಗೆ ಮುರಿದಳು.

ನಾನು ಒಲ್ಲೆನೆಂದರೆ ಅವಳ ಮದುವೆಯೂ ಮುರಿಯುತ್ತಿತ್ತು, ಅತ್ತೆ ಆ ಬೀಗದವರನ್ನೇ ಮತ್ತೆ ಕರೆಸುತ್ತಿದ್ದಳು, ಅವಳು ದಿಂಡಿಗಲ್‌ಗೆ ಹೋಗುತ್ತಿದ್ದಳು. ಮರುದಿನ ತೋಟದಲ್ಲಿ ಅವಳು ಅತ್ತ ರೀತಿಯನ್ನು ನಾನು ಬರೆಯಲಾರೆ. ಅಷ್ಟು ಬೈಯುವವಳು ಅಂದು ಒಂದು ಮಾತೂ ಬೈಯಲಿಲ್ಲ. ಕೊನೆಗೆ, "ಒಂದು ಬೀದಿನಾದ್ರೂ ಇರ್ಲಿ. ದಿಂಡಿಗಲ್ಲು ಬ್ಯಾಡ" ಎಂದಳು. ನಾನು ಒಪ್ಪಿದೆ.

ಎರಡು ಮದುವೆಯೂ ಒಂದೇ ಚಪ್ಪರದಲ್ಲಿ ನಡೆದವು. ಮದುಮಗಳು ಇನ್ನೊಬ್ಬ ಮದುಮಗಳಿಗೆ ಎದುರಾಗಬಾರದೆಂದು ಅವಳನ್ನು ಕಾಲುವೆಯ ದಾರಿಯಿಂದ ನಮ್ಮ ಮನೆಗೆ ಕರೆದೊಯ್ದರು, ನನ್ನನ್ನು ಅಂಗಡಿ ಬೀದಿಯಿಂದ ಅವಳ ಮನೆಗೆ. ಒಂದು ಬೀದಿ ಎಂದರೆ ಕೂಗಿದರೆ ಕೇಳಿಸುವಷ್ಟೇ. ಆದರೆ ಹೊಸ ಸೊಸೆಯರು ಕೂಗುವ ಹಾಗಿಲ್ಲ, ಕಾರಣವಿಲ್ಲದೆ ಬೀದಿ ದಾಟುವ ಹಾಗಿಲ್ಲ. ಭಾನುವಾರ ಟೀವಿಯಲ್ಲಿ ಆ ಇಬ್ಬರು ಬಂದರೆ ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ.

ಮೊದಲ ದೀಪಾವಳಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯುತ್ತಾರೆ. ನಾನು ಆ ಹಬ್ಬಕ್ಕಾಗಿ ದಿನ ಎಣಿಸಿದ್ದೆ. ಎರಡು ದಿನ ಅಲ್ಲೇ ಉಳಿಯಬಹುದು, ಅವಳ ಪಕ್ಕ ಕೂತು ಉಣ್ಣಬಹುದು, ಯಾರೂ ಏನೂ ಅನ್ನುವುದಿಲ್ಲ. ಗಂಡನಿಗಿಂತ ಮೊದಲೇ ನಾನು ನಮ್ಮ ಮನೆಯ ಮೆಟ್ಟಿಲು ಹತ್ತಿದೆ. ಅಡುಗೆಮನೆ ನೋಡಿದೆ, ಹಿತ್ತಲು ನೋಡಿದೆ. ಬೀರು ತೆರೆದೆ, ಅವಳ ಸೀರೆಗಳಿದ್ದವು.

"ಎಲ್ಲಿ ಅವ್ವಾ ಅವ್ಳು?"

ಅವ್ವ ಎಣ್ಣೆ ಬಾಣಲೆಯಿಂದ ತಲೆ ಎತ್ತದೆ, "ಇದೇನ್ ಕೇಳ್ತೀಯ? ನೀ ನಿನ್ನ ತವರಿಗೆ ಬಂದಂಗೆ ಅವ್ಳು ಅವ್ಳ ತವರಿಗೆ ವೋದ್ಳು" ಎಂದಳು.

"ಯಾವಾಗ ಬತ್ತಾಳೆ?"

"ನೀ ವೋದ್ಮೇಲೆ."